ಹಾಳೆ ಇಲ್ಲದ ಪ್ರಿಂಟರಿಗಾಗಿ ಕಾದು ಕುಳಿತ ಒಂದನೇ ನಂಬರಿನ ಯಜಮಾನರಿಗೆ

ಲಿನಕ್ಸ್ ಕಂಪ್ಯೂಟರಿನೊಳಗೆ ಎಲ್ಲರಿಗಿಂತ ಮೊದಲು ಎದ್ದು, ಉಳಿದ ಸೇವೆಗಳನ್ನೆಲ್ಲ ಎಬ್ಬಿಸುವ ಒಂದನೇ ನಂಬರಿನ ಪ್ರೋಗ್ರಾಮ್ ಮಾನ್ಯರೇ, ಕಾನಹೊಸಹಳ್ಳಿ ಬಸ್ ನಿಲ್ದಾಣದ ಎದುರು ಆನ್‌ಲೈನ್ ಅರ್ಜಿ ಹಾಗೂ ಜೆರಾಕ್ಸ್ ಅಂಗಡಿ ಇಟ್ಟಿರುವ ಗವಿಸಿದ್ದೇಶನ ಸಾಷ್ಟಾಂಗ ನಮಸ್ಕಾರಗಳು. ತಮ್ಮ ಕ್ಷೇಮ ವಿಚಾರಿಸುವುದಿಲ್ಲ. ತಮಗೆ ನೆಗಡಿಯಾದರೂ ನನ್ನ ಅಂಗಡಿಯೇ ಮಲಗುತ್ತದೆ.

ತಾವು ದಯಮಾಡಿಸುವ ಮೊದಲು ನನ್ನ ಹಳೆಯ ಯಂತ್ರದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೆಲಸವಿತ್ತು. ನೆಟ್ ನೋಡುವವನು ನೆಟ್ ನೋಡುತ್ತಿದ್ದ, ಗಡಿಯಾರ ತಿದ್ದುವವನು ಗಡಿಯಾರ ತಿದ್ದುತ್ತಿದ್ದ, ಅವರನ್ನು ಸಾಲಾಗಿ ಕರೆಯುವ ಪಟ್ಟಿಯನ್ನು ನಾನೇ ಕೈಯಾರೆ ಬರೆದಿದ್ದೆ. ಲಿನಕ್ಸಿನ ಹೊಸ ಆವೃತ್ತಿ ಹಾಕಿದ ದಿನ ತಾವು ಬಂದು, ಮನೆಯ ಬೀಗದ ಕೈಗಳನ್ನೆಲ್ಲ ಸೊಂಟಕ್ಕೆ ಸಿಕ್ಕಿಸಿಕೊಂಡಿರಿ. ಅಬ್ಬಾ, ಎಂಥ ದೊಡ್ಡ ಮನಸ್ಸು! ತಮ್ಮ ಈ ಯಜಮಾನಿಕೆ ಬೇಕೋ ಬೇಡವೋ ಎಂದು ಜಗತ್ತಿನ ಪ್ರೋಗ್ರಾಮರುಗಳು ಹತ್ತು ವರ್ಷಕ್ಕೂ ಮೇಲೆ ಕಿತ್ತಾಡಿ, ಕೆಲವರು ಒಲೆಯನ್ನೇ ಬೇರೆ ಹೂಡಿಕೊಂಡರಂತೆ. ನನ್ನಂತೆಯೇ ಕಂಪ್ಯೂಟರ್ ಇಟ್ಟು ಅರ್ಜಿ ಹಾಕಿಕೊಡುವ ಎದುರಂಗಡಿಯ ಗುರುಮೂರ್ತಿ ಮಾತ್ರ ತಮ್ಮ ಪರಮಭಕ್ತ. "ಒಬ್ಬ ಯಜಮಾನ ಇದ್ರ ಮನಿ ನೆಟ್ಟಗಿರ್ತೈತಿ ಬಿಡ್ರಿ" ಎನ್ನುತ್ತಾನೆ. ಅವನ ಮನೆಯಲ್ಲಿ ಯಜಮಾನಿಕೆ ಯಾರದೆಂದು ಊರಿಗೆಲ್ಲ ಗೊತ್ತು.

ನಮ್ಮ ಅಂಗಡಿಯಲ್ಲಿ ಮೊದಲ ಹಾಳೆ ದೇವರದು. ನಮ್ಮ ತಂದೆಯವರು ಕಿರಾಣಿ ನಡೆಸುವಾಗ ಚೀಟಿಯ ಮೇಲೆ ‘ಶ್ರೀ ಗುರು ಕೊಟ್ಟೂರೇಶ್ವರ ಪ್ರಸನ್ನ’ ಎಂದು ಬರೆಯದೆ ತಕ್ಕಡಿ ಮುಟ್ಟುತ್ತಿರಲಿಲ್ಲ. ಆ ಪದ್ಧತಿಯನ್ನು ನಾನು ಪ್ರಿಂಟರಿಗೆ ವಹಿಸಿದ್ದೆ. ತಮಗೂ ವಿನಯದಿಂದ ಬರೆದುಕೊಟ್ಟೆ: ಯಂತ್ರ ಹಚ್ಚಿದಾಗಲೆಲ್ಲ ದೇವರ ಹಾಳೆ ಹೊರಬರುವ ತನಕ ಬೇರೆ ಯಾರೂ ಏಳಕೂಡದು. ಹಳೆಯವರಾದರೆ ಪ್ರಿಂಟರು ಸತ್ತಿದ್ದರೂ ‘ಆಮೇಲೆ ನೋಡೋಣ’ ಎಂದು ಮುಂದೆ ಹೋಗುತ್ತಿದ್ದರು. ತಾವು ಮಾತಿಗೆ ತಪ್ಪದವರು.

ಕಳೆದ ಸೋಮವಾರ ನಮ್ಮೂರ ಪಕ್ಕೀರಮ್ಮ, ಹಾಸ್ಟೆಲ್ಲಿನ ಅಡುಗೆ ಸಹಾಯಕಿ ಕೆಲಸಕ್ಕೆ ಅರ್ಜಿ ಹಾಕಲು ಬಂದಿದ್ದಳು. ಸಂಜೆ ನಾಲ್ಕಕ್ಕೆ ಕೊನೆ. ಮೂರೂವರೆಗೆ ಎಲ್ಲ ತುಂಬಿ ‘ಸಲ್ಲಿಸಿ’ ಒತ್ತಬೇಕು ಎನ್ನುವಷ್ಟರಲ್ಲಿ ಕರೆಂಟು ಹೋಗಿ, ಹತ್ತು ನಿಮಿಷಕ್ಕೆ ಬಂತು. ಯಂತ್ರ ಹಚ್ಚಿದರೆ ಪರದೆಯ ಮೇಲೆ ತಮ್ಮ ಒಂದೇ ಸಾಲು: ಒಂದು ಕೆಲಸ ನಡೆಯುತ್ತಿದೆ, ಕಾಲಮಿತಿ ಇಲ್ಲ. ನಾನು ಆಫ್ ಮಾಡಿದೆ, ಆನ್ ಮಾಡಿದೆ, ನೆಟ್ಟಿನ ವೈರು ಕಿತ್ತು ಊದಿ ಸಿಕ್ಕಿಸಿದೆ, ತಮ್ಮ ವಂಶವನ್ನು ಬಾಯಿತುಂಬ ನೆನೆದೆ. ಪಕ್ಕೀರಮ್ಮ "ಅಣ್ಣಾರ, ಆ ಪ್ರಿಂಟರ್ದಾಗ ಕೆಂಪು ಲೈಟ್ ಯಾಕ ಮಿಣುಕ್ತೈತಿ?" ಎಂದು ಮೂರು ಸಲ ಕೇಳಿದಳು. "ಸುಮ್ನ ಕುಂದ್ರವ್ವ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ" ಎಂದೆ. ನಾಲ್ಕು ಹೊಡೆದು ಐದು ನಿಮಿಷಕ್ಕೆ ಆಕೆಯೇ ಎದ್ದು, ತನ್ನ ಜಾತಿ ಪ್ರಮಾಣಪತ್ರದ ಜೆರಾಕ್ಸನ್ನು ಬೋರಲು ಮಾಡಿ ಖಾಲಿ ಟ್ರೇಗೆ ಇಟ್ಟಳು. ಅದರ ಬೆನ್ನ ಮೇಲೆ ದೇವರು ಪ್ರಸನ್ನನಾದ, ತಮ್ಮ ಪರಿವಾರವೆಲ್ಲ ದಡಬಡಿಸಿ ಎದ್ದಿತು, ಅರ್ಜಿ ಮಾತ್ರ ಮುಚ್ಚಿತ್ತು. ಆಕೆ ಹಾಳೆ ಮಡಿಚಿಕೊಂಡು "ಇರ್ಲಿ ಬಿಡ್ರಿ" ಎಂದು ಹೋದಳು. ಬೈದಿದ್ದರೆ ನನಗೆ ಎಷ್ಟೋ ವಾಸಿಯಾಗುತ್ತಿತ್ತು.

ಮರುದಿನ ಗುರುಮೂರ್ತಿ, ಬರಿಗಣ್ಣಿಗೆ ಓದಲಾಗದಂತೆ ತಾವು ಬರೆದಿಡುವ ದಿನಚರಿಯನ್ನು ತಮ್ಮದೇ ಕಮಾಂಡಿನ ಮಂತ್ರ ಟೈಪಿಸಿ ತೆರೆದು, "ದೇವರ ಹಾಳಿಗೆ ಕಾಯಾಕತ್ತೀನಿ ಅಂತ ಐತ್ರಿ. ಹಿಂಗ ಬರ್ಕೊಟ್ಟೋರು ಯಾರು?" ಎಂದ. ಆ ಪ್ರಶ್ನೆ ಈ ಪತ್ರದ ವ್ಯಾಪ್ತಿಗೆ ಬರುವುದಿಲ್ಲ.

ಇಷ್ಟೆಲ್ಲ ಹೊತ್ತುಕೊಂಡ ತಾವು ಇನ್ನೂ ಮೂರು ಹೊರೆ ಹೊರಬೇಕೆಂದು ಪ್ರಾರ್ಥನೆ. ಡ್ರೈವರಿನ ಚಹಾ ಮುಗಿಯದೆ ಏಳದ ನಮ್ಮ ಕೊಟ್ಟೂರು ಬಸ್ಸನ್ನು ತಾವೇ ಎಬ್ಬಿಸಬೇಕು. ಗುರುಮೂರ್ತಿಯ ನಾಲಿಗೆಯನ್ನು ಮಲಗಿಸಬೇಕು. ಕೈಲಾದರೆ, ಆ ಸೋಮವಾರದ ಮೂರೂವರೆ ಗಂಟೆಯನ್ನು ಇನ್ನೊಂದು ಸಲ ಹಚ್ಚಿಕೊಡಬೇಕು.

ತಾವು ಎಬ್ಬಿಸಿದರಷ್ಟೇ ಏಳುವ ಅಂಗಡಿಯ ಮಾಲೀಕ,
ತಮ್ಮ ವಿಶ್ವಾಸಿ,
ಗವಿಸಿದ್ದೇಶ್

ಮರೆತ ಮಾತು: ಅರ್ಜಿಯ ಕೊನೆಯ ದಿನ ಮುಂದಕ್ಕೆ ಹೋಗಿದೆಯೆಂದು ತಿಳಿದು ಪಕ್ಕೀರಮ್ಮನ ಮನೆಗೆ ಓಡಿದೆ. ಆಕೆ ಆಗಲೇ ಗುರುಮೂರ್ತಿಯ ಅಂಗಡಿಯಲ್ಲಿ ಹಾಕಿಸಿಬಿಟ್ಟಿದ್ದಳು. ಅಲ್ಲಿಯೂ ಒಂದನೇ ನಂಬರು ತಾವೇ. ಕರೆದ ಕೂಡಲೇ ಎದ್ದಿರಂತೆ. "ಟ್ರೇದಾಗ ಹಾಳಿ ಅದಾವೇನು ಅಂತ ಹೊರಗ ನಿಂತು ಕೇಳೇ ಒಳಗ ಕಾಲಿಟ್ಟೆ ಅಣ್ಣಾರ" ಎಂದಳು.