ಹಳದಿ ಬಕೀಟಿನ ಮಂದಿ

"ನಮ್ಮ ಕಾಲೇಜಿನ್ಯಾಗ ದೆವ್ವ ಐತೇನ್ರಿ?" ಅಂತ ನರ್ಸಿಂಗ್ ಓದಾಕ ಬಂದ ಹೊಸ ಹುಡುಗ್ಯಾರು ಕೇಳತಾರ. "ಐತಿ, ಸಿಲೆಬಸ್ಸಿನ್ಯಾಗ ಐತಿ" ಅಂತೀನಿ ನಾನು. ನಾ ಹುಟ್ಟಿದ್ದು ಗಜೇಂದ್ರಗಡದಾಗ, ಪಾಠ ಹೇಳೂದು ರೋಣದಾಗ. ಬಿಳಿ ರಕ್ತಕಣದ ಪಾಠ ತಗದ್ರ ಸಾಕು, ಏನರ ಒಂದು ಆಗೇ ತೀರತೈತಿ. ಹೋದ ವರ್ಷದ್ದು ನೆನಸಿದ್ರ ನಗಿನೂ ಬರತೈತಿ, ಮೈನೂ ಜುಮ್ ಅಂತೈತಿ.

೧. ಒಳಗ ಯಾರೋ ಅದಾರ

ಸೂಕ್ಷ್ಮದರ್ಶಕದ ಕೋಣಿ, ಕಿಟಕಿಗೆಲ್ಲಾ ಕರೇ ಪರದೆ. ಹುಡುಗ್ಯಾರು ಬೆರಳು ಚುಚ್ಚಿಕೊಂಡು ತಮ್ಮ ರಕ್ತ ತಾವ ನೋಡಬೇಕು. ಹೊಳೆಮಣ್ಣೂರಿನ ಒಬ್ಬ ಹುಡುಗಿ ಭಾಳ ಹೊತ್ತು ನೋಡಿದ್ಲು. ಕೆಂಪು ಕಣ ಎಲ್ಲಾ ಸುಮ್ನ ಬಿದ್ದಿದ್ವು. ಒಂದು ಬಿಳಿ ಕಣ ಮಾತ್ರ ಮೆಲ್ಲಕ ಕಾಲು ಚಾಚಿ ಸರಿಯಾಕತ್ತಿತ್ತು.

"ಮೇಡಮ್ರಿ, ಇದು ನಡ್ಯಾಕತ್ತೈತ್ರಿ!"

"ನಡೀಲಿ ಬಿಡು. ರೋಗಾಣು ಎಲ್ಲೈತಿ ಅಂತ ಹುಡುಕತೈತಿ. ಸಿಕ್ರ ನುಂಗತೈತಿ."

"ನನ್ನ ಕೇಳಲಾರದನ?"

"ನಿನ್ನೇನ್ ಕೇಳೂದು?"

"ನಾ ಮಲಕೊಂಡಾಗರಿ?"

"ಆವಾಗೂ ತಿರಗತೈತಿ."

ಅಷ್ಟರಾಗ ಕರೆಂಟ್ ಹೋತು. ಕತ್ತಲದಾಗ ಆಕಿ ದನಿ ಅಷ್ಟ ಕೇಳಿಸ್ತು: "ಅಂದ್ರ ನಾ ಒಬ್ಬಾಕಿನ ಇಲ್ಲ."

ಪರದೆ ಸರಿಸಿ ನೋಡ್ತೀನಿ, ಉಳದವ್ರೆಲ್ಲಾ ಬಾಗಲಾ ದಾಟಿ ಹೊರಗ! ಆವತ್ತಿನಿಂದ ಹಾಸ್ಟೆಲ್‌ನ್ಯಾಗ ಆಕಿ ಬಾಜೂಕ ಯಾರೂ ಮಲಗಲಿಲ್ಲ. ತಮ್ಮ ಮೈಯಾಗೂ ಅವು ಅದಾವು ಅನ್ನೂದು ಒಬ್ಬಾಕಿಗೂ ಹೊಳೀಲಿಲ್ಲ ನೋಡ್ರಿ.

೨. ಎಡಿ

ಸುದ್ದಿ ಊರು ಮುಟ್ಟಿ ಆಕಿ ಆಯಿ ಬಂದ್ಲು. "ಅಕ್ಕೋರ, ನಮ್ಮ ಹುಡುಗಿ ಮೈಯಾಗ ಏನೋ ತೋರಿಸೀರಂತ. ಸಾಲಿ ಸಾಕು, ಕರ್ಕೊಂಡ ಹೋಗ್ತೀನಿ."

ಹುಡುಗಿ ಬಾಗಲಕ್ಕ ಆತು ನಿಂತು ಅಳಾಕತ್ತಿದ್ಲು. ಹಿಂದಕ ಹೊಳಿ ಊರೊಳಗ ಬಂದಾಗ ತಮ್ಮನ್ನೆಲ್ಲಾ ನೋಡಿಕೊಂಡ ನರ್ಸಮ್ಮನ್ನ ಕಂಡಾಗಿಂದ, ತಾನೂ ನರ್ಸ್ ಆಗಬೇಕು ಅನ್ನೂದೊಂದ ಆಕಿ ಆಸೆ.

ಮುದುಕಿ ಬೆರಳಿಗೆ ಅರಿವಿ ಸುತ್ತಿತ್ತು, ಒಳಗ ಕೀವು. ಬಾಜೂಕಿನ ದವಾಖಾನಿಗೆ ಕರ್ಕೊಂಡು ಹೋಗಿ ತೊಳಕೋತ ಹೇಳಿದೆ: "ಆಯಿ, ಈ ಕೀವಿನ್ಯಾಗ ಇರೂದು ಅವ ಬಿಳಿ ಕಣ. ರೋಗದ ಕೂಡ ಬಡದಾಡಿ ಸತ್ತಾವು."

"ಯಾರ ಸಲುವಾಗಿ?"

"ನಿಮ್ಮ ಸಲುವಾಗಿ."

ಗಾಯದ ಹತ್ತಿ ಒಗಿಯೂ ಹಳದಿ ಬಕೀಟಿನ ಕಡೆ ಮುದುಕಿ ದಿಟ್ಟಿಸಿ ನೋಡಿದ್ಲು. "ನನ್ನ ಸಲುವಾಗಿ ಸತ್ತವ್ರನ್ನ ಕಸದಾಗ ಒಗದ್ರಿ? ಮಣ್ಣಿಲ್ಲ, ನೀರಿಲ್ಲ!"

ನಾ ಕೈ ತೊಳಕೊಂಡು ಬರೂದರಾಗ ಬುತ್ತಿ ಬಿಚ್ಚಿ, ಬಕೀಟಿನ ಮುಂದ ರೊಟ್ಟಿ, ಬದನಿಕಾಯಿ ಪಲ್ಯದ ಎಡಿ ಇಟ್ಟು, ನೀರು ಬಿಟ್ಟು, ಬಾಗಲಾ ಮುಂದಕ ಎಳದು ಹೊರಗ ಕುಂತಿದ್ಲು. ಸತ್ತವ್ರು ಉಣ್ಣೂ ಮುಂದ ಯಾರೂ ನೋಡಬಾರದಲ್ಲ! ಮೊಮ್ಮಗಳಿಗೆ ಹೇಳಾಕತ್ತಿದ್ಲು: "ಹುಚ್ಚಿ, ಒಳಗ ಅದಾವು ಅಂತ ಅಂಜತೀ? ಅವು ಇಲ್ಲದ ದಿನ ಅಂಜು. ಇಲ್ಲೇ ಇರು, ಇವ್ರನ್ನ ಕೇಳವ್ರು ಯಾರರ ಬೇಕು. ಆದ್ರ ಪರೀಕ್ಷಾದಾಗ ನಪಾಸ್ ಆದಿ, ಎಳಕೊಂಡ ಹೋಗಾಕಿನ."

ಕಸಾ ಹೊಡಿಯಾಕ ಬಂದ ಆಯಾ ಎಡಿ ನೋಡಿ, "ಮಾಟ ಮಾಡ್ಯಾರ್ರೋ!" ಅಂತ ಚೀರಿದ್ಲು. ಅಂಜಿ ಯಾರೂ ಒಳಗ ಹೋಗಲಿಲ್ಲ, ಸಂಜಿತನಕ ಗಾಯ ಕಟ್ಟೂದೆಲ್ಲಾ ಹೊರಗ ಕಟ್ಟಿ ಮ್ಯಾಲ. "ಇದೆಲ್ಲಾ ಮೂಢನಂಬಿಕೆ!" ಅಂತ ಡಾಕ್ಟರು ಎಲ್ಲಾರಿಗೂ ಬೈದ್ರು, ಹೊಸ್ತಲದ ಆಚೆ ನಿಂತ.

೩. ಕರ್ಚೀಫು

ಬಾಯಿಲೆ ಕೇಳೂ ಪರೀಕ್ಷಾಕ್ಕ ನರಗುಂದದಿಂದ ಬಂದ ಮೇಡಮ್ ಭಾಳ ಖಡಕ್. ಆಕಿ ಕಣ್ಣು ಬಿಟ್ರ ನನಗ ನನ್ನ ಹೆಸರು ಮರೀತೈತಿ. ಆವತ್ತು ಆಕಿಗೆ ನೆಗಡಿ ಬ್ಯಾರೆ. ಹೊರಗ ಮುದುಕಿ ಗಂಟು ಕಟ್ಕೊಂಡು ಕುಂತಿದ್ಲು. ಒಳಗ ಹುಡುಗಿ ಸರದಿ ಬಂತು.

"ಬಿಳಿ ಕಣದಾಗ ನ್ಯೂಟ್ರೊಫಿಲ್ ಅಂದ್ರೇನು?"

ಹುಡುಗಿ ಕಣ್ಣು ಬಾಗಲದಾಚೆ ಆಯಿ ಗಂಟಿನ ಮ್ಯಾಲ.

"ಸೋಂಕು ಆದಾಗ ಏನು ಮಾಡತಾವು?"

ಅದಕ್ಕೂ ಗಂಟಿನ ಕಡೇನ ನೋಡಿದ್ಲು. ಆತು, ಮುಗೀತು ಇದರ ಕಥಿ ಅನ್ಕೊಂಡೆ. ಮೇಡಮ್ ಪೆನ್ ಎತ್ತಿದಾಕಿ ಜೋರ್ ಸೀನಿ, ಕರ್ಚೀಫಿನ್ಯಾಗ ಮೂಗು ಹಿಂಡಿಕೊಂಡ್ಲು. ಹುಡುಗಿ ಬಗ್ಗಿ ನೋಡಿ ಸಣ್ಣ ದನೀಲೆ ಕೇಳಿದ್ಲು: "ಎಷ್ಟ ಮಂದಿ ಹೋದ್ರ್ರಿ, ಮೇಡಮ್?"

"ಯಾರು?"

"ನಿಮ್ಮ ನ್ಯೂಟ್ರೊಫಿಲ್ಲರಿ. ಹಳದಿ ಆಗೈತಲ್ರಿ. ರಕ್ತನಾಳದ ಗ್ವಾಡಿ ಸಂದ್ಯಾಗ ನುಸುಳಿ ಮೊದಲ ಅವ ಬರತಾವು. ರೋಗಾಣು ನುಂಗಿ ಅಲ್ಲೇ ಸಾಯತಾವು, ತಿರುಗಿ ಹೋಗಂಗಿಲ್ರಿ. ಹಿಂದ ಮ್ಯಾಕ್ರೊಫೇಜ್ ಅನ್ನೂ ದೊಡ್ಡ ಬಿಳಿ ಕಣ ಬಂದು ಹೆಣ ನುಂಗತಾವು. ರೋಗದ ಗುರ್ತು ಹಿಡದ ಲಿಂಫೊಸೈಟ್ ಕಣ ಒಂದಿಷ್ಟು ಉಳಕೊಂಡು, ಆ ರೋಗ ಮತ್ತ ಬರೂದನ್ನ ಕಾಯ್ಕೋತ ಕುಂತಿರತಾವು. ನೀವು ಮರತ್ರೂ ಅವು ಮರಿಯಂಗಿಲ್ರಿ." ಕೈ ಮುಗದು ಅಂದ್ಲು: "ಒಗಿಯೂ ಮುಂದ ನಮ್ಮ ಆಯಿ ಎಡಿ ಇಡತಾಳ್ರಿ."

ಮೇಡಮ್ ಕರ್ಚೀಫು ಬಿಚ್ಚಿ ಒಳಗ ನೋಡಿದ್ಲು. ಭಾಳ ಹೊತ್ತು ನೋಡಿದ್ಲು. ಆಮ್ಯಾಲ ಪಾಸ್ ಮಾಡಿದ್ಲು. ನನಗ ಕುಣೀಬೇಕು ಅನಿಸ್ತು ಖರೇ.

ನರಗುಂದದ ಬಸ್ಸಿಗೆ ಹತ್ತಿಸಾಕ ಹೋದ್ರ ಕರ್ಚೀಫು ಇನ್ನೂ ಆಕಿ ಮುಷ್ಟ್ಯಾಗ ಇತ್ತು. ಆಜೂಬಾಜೂ ನೋಡಿ ನನ್ನ ಕಿವ್ಯಾಗ ಅಂದ್ಲು:

"ಅಕ್ಕೋರ... ಒಂದು ತುಣುಕು ರೊಟ್ಟಿ ಐತೇನ್ರಿ?"