ಗೇರ್‌ಬಾಕ್ಸಿನೊಳಗೆ ಹಣಮಪ್ಪನ ಎಣ್ಣೆ

ಹುಮನಾಬಾದಿನ ಹೆದ್ದಾರಿ ಬದಿಯಲ್ಲಿ ನನ್ನದೊಂದು ಎಣ್ಣೆ ಅಂಗಡಿ ಇದೆ. ಗಾಡಿಗಳ ಎಣ್ಣೆ ಬದಲಿಸುವುದು, ಬದಲಿಸಿದ ಮೇಲೆ ಬೈಸಿಕೊಳ್ಳುವುದು, ಇವೆರಡೇ ನನ್ನ ಉದ್ಯೋಗ. ಈ ಧಂದೆಯಲ್ಲಿ ದೆವ್ವ ಬಡಿದ ಗಾಡಿಗಳು ಆಗಾಗ ಬರುತ್ತಲೇ ಇರುತ್ತವೆ. ಬಿಚ್ಚಿ ನೋಡಿದರೆ ದೆವ್ವ ಇರುವುದು ಮಾಲಕನ ತಲೆಯಲ್ಲಿ. ಆದರೆ ಬಸವಕಲ್ಯಾಣದ ಸಾವಕಾರರ ಕಾರಿನ ವಿಷಯದಲ್ಲಿ ಮಾತ್ರ ನಾನು ಅಷ್ಟು ಜಂಬದಿಂದ ಹೇಳಲಾರೆ.

ಹಿಂದೆ ಬಂದ ಕಾರು

ಈ ಸಾವಕಾರರದು ದನಗಳ ಹಿಂಡಿ-ಹೊಟ್ಟಿನ ಅಂಗಡಿ. ಎಡ ಮೊಣಕಾಲಿನ ಆಪರೇಷನ್ ಆದಮೇಲೆ ಅವರಿಗೆ ಕ್ಲಚ್ ಒತ್ತಲು ಆಗುತ್ತಿರಲಿಲ್ಲ. ಎಲ್ಲಿಗೆ ಹೋಗಬೇಕಾದರೂ ತಮ್ಮನ ಮೋಟರ್ ಸೈಕಲ್ಲಿನ ಹಿಂದೆ ಕೂರಬೇಕು. ತಮ್ಮನೋ, ದಾರಿಯುದ್ದಕ್ಕೂ ಅಣ್ಣನಿಗೆ ಬುದ್ಧಿ ಹೇಳುವವನು. ಅದನ್ನು ತಾಳಲಾರದೆ ಸಾವಕಾರರು ಹೈದರಾಬಾದಿಗೆ ಹೋಗಿ ಕ್ಲಚ್ಚೇ ಇಲ್ಲದ ಹಳೆಯ ಆಟೋಮ್ಯಾಟಿಕ್ ಕಾರೊಂದನ್ನು ತಂದರು.

ಅಂಥ ಕಾರಿನ ಗೇರನ್ನು 'ಡಿ'ಗೆ ಹಾಕಿ ಬ್ರೇಕಿನಿಂದ ಕಾಲು ತೆಗೆದರೆ ಅದು ತಾನಾಗಿಯೇ ನಡೆಯತೊಡಗುತ್ತದೆ. ಇದು ಸಾವಕಾರರಿಗೆ ತಿಳಿದಿರಲಿಲ್ಲ. ಒಂದು ಮಧ್ಯಾಹ್ನ ಎಂಜಿನ್ ಬಂದ್ ಮಾಡದೆ, ಗೇರನ್ನು 'ಡಿ'ಯಲ್ಲೇ ಬಿಟ್ಟು, ಹ್ಯಾಂಡ್ ಬ್ರೇಕ್ ಅರ್ಧ ಎಳೆದು, ಇಳಿದು ಅಂಗಡಿಯ ಕಟ್ಟೆಯ ಕಡೆ ನಡೆದರು. ಬಿಸಿಲಿಗೆ ಬಜಾರು ಖಾಲಿ. ಕಟ್ಟೆಯ ಮೇಲಿದ್ದ ಗಿರಾಕಿಗಳು ನೋಡುತ್ತಾರೆ, ಸಾವಕಾರರ ಬೆನ್ನ ಹಿಂದೆ ಕಾರು ಸದ್ದಿಲ್ಲದೆ ಬರುತ್ತಿದೆ, ಸ್ಟೇರಿಂಗಿನ ಹಿಂದೆ ಯಾರೂ ಇಲ್ಲ.

"ಎಲ್ಲಾರೂ ಓಡಿ ಹೋದ್ರು ಮೇಸ್ತ್ರಿ," ಎಂದರು ಸಾವಕಾರರು ನನ್ನ ಅಂಗಡಿಗೆ ಬಂದು. "ಒಬ್ಬಾವ ಮಾತ್ರ ಧೈರ್ಯಲೆ ಕುಂತ."

"ಭಲೇ ಗಂಡಸು."

"ಏನ್ ಗಂಡಸ್ರೀ. ಅವನ ಜೋತುಬಿದ್ದ ಧೋತರದ ಮ್ಯಾಲ ಗಾಲಿ ಹತ್ತಿ ನಿಂತಿತ್ತು."

ಅಂಗಳದಲ್ಲಿ ರಕ್ತ

ಬ್ರೇಕನ್ನು ಪೂರ್ತಿ ಎಳೆಯಲು ಹೇಳಿಕೊಟ್ಟು ಕಳಿಸಿದೆ. ಸ್ವಲ್ಪ ದಿನದಲ್ಲೇ ಫೋನು ಬಂತು. "ಮೇಸ್ತ್ರಿ, ಕಾರು ರಕ್ತ ಕಾರ್ಯಾದ!"

ಬಸವಕಲ್ಯಾಣಕ್ಕೆ ಹೋದೆ. ಸಾವಕಾರರ ಹೆಂಡತಿ ಬೆಳಿಗ್ಗೆ ಅಂಗಳ ಗುಡಿಸಲು ಬಂದು ಕಾರಿನ ಕೆಳಗೆ ಕೆಂಪು ಮಡುವು ನೋಡಿ, ಕಸಬರಿಗೆ ಬಿಟ್ಟು ಒಳಗೆ ಓಡಿದ್ದರು. ಗಂಡ, ಮಕ್ಕಳು, ಅತ್ತೆ, ಬೆಕ್ಕು ಎಲ್ಲರನ್ನೂ ಎಬ್ಬಿಸಿ ಮುಟ್ಟಿ ಮುಟ್ಟಿ ನೋಡಿದ್ದರು.

"ಮನ್ಯಾಗ ಎಲ್ಲಾರೂ ಅದಾರ ಅಣ್ಣಾ. ಹಂಗಾರ ಯಾರದಿದು?" ಎಂದರು ಆಕೆ.

"ರಕ್ತ ಅಲ್ಲ ತಂಗಿ. ಈ ಗೇರಿನ ಎಣ್ಣಿ ಬಣ್ಣನೇ ಕೆಂಪು. ಎಂಜಿನ್ ಎಣ್ಣಿ ಜೋಡಿ ಅದಲು ಬದಲು ಆಗಬಾರ್ದಂತ ಕಂಪನಿಯವರು ಬಣ್ಣ ಹಾಕಿರ್ತಾರ," ಎಂದೆ. ನಂಬಲಿಲ್ಲ. ನಂಬಿಸಲೆಂದು ಬೆರಳಿಗೆ ಹಚ್ಚಿಕೊಂಡು ತಿಕ್ಕಿದೆ, ಮೂಗಿನ ಹತ್ತಿರ ತಂದು ಕಣ್ಣು ಮುಚ್ಚಿ ಮೂಸಿದೆ. ಗೇರಿನ ಎಣ್ಣೆಯದಲ್ಲದ ಇನ್ನೇನೋ ವಾಸನೆಯೂ ಇತ್ತು, ಏನೆಂದು ಹೊಳೆಯಲಿಲ್ಲ. ಕಣ್ಣು ತೆರೆದಾಗ ಅಂಗಳದಲ್ಲಿ ನಾನೊಬ್ಬನೇ. ಒಳಗಿನಿಂದ ಚಿಲಕ ಬಿದ್ದಿತ್ತು.

ಹಿತ್ತಲ ಕಡೆಯಿಂದ ಆಗತಾನೇ ಬಂದ ಗಂಡನಿಗೆ ಆಕೆ ಕಿಟಕಿಯೊಳಗಿಂದಲೇ ಕೊನೆಯ ಮಾತು ಹೇಳಿದರು. "ಅಮಾಸಿ ಒಳಗ ಈ ಕಾರು ಹೋಗಬೇಕು. ಇಲ್ಲಾಂದ್ರ ನಾ ತವರಿಗೆ ಹೋಗ್ತೀನಿ. ಮತ್ತ ಆ ಮೇಸ್ತ್ರಿನ್ನೂ ಒಮ್ಮಿ ಯಾರಿಗರ ತೋರಿಸ್ರಿ."

ಹಿಂದಿನ ಸೀಟು

ಸಾವಕಾರರು ನನ್ನ ಕೈ ಹಿಡಿದುಕೊಂಡರು. "ಈ ಕಾರು ಹೋತಂದ್ರ ನನ್ನ ಕಾಲು ಹೋದಂಗ ಮೇಸ್ತ್ರಿ. ಮತ್ತ ತಮ್ಮನ ಹಿಂದ ಕುಂದ್ರಸಬ್ಯಾಡ್ರಿ."

ಆ ದೊಡ್ಡ ಮನುಷ್ಯನ ಕಣ್ಣಲ್ಲಿ ನೀರು ಬಂದಿತ್ತು. ಒಂದು ಸುತ್ತು ಓಡಿಸಿ ನೋಡುತ್ತೇನೆಂದು ಕೂತು, ಹತ್ತಿರದ ಕೊಹಿನೂರ ಹಳ್ಳಿಯ ದಾರಿ ಹಿಡಿದೆ.

ಮಂಜು ಇನ್ನೂ ಕರಗಿರಲಿಲ್ಲ. ಎರಡೂ ಕಡೆ ತೊಗರಿ ಹೊಲ, ನರಪಿಳ್ಳೆ ಇಲ್ಲ. ವೇಗ ಸ್ವಲ್ಪ ಏರಿದ ಕೂಡಲೇ ಕಾರಿನ ಹೊಟ್ಟೆಯೊಳಗಿಂದ ಒಂದು ನರಳಾಟ ಎದ್ದಿತು. ವೇಗ ಇಳಿಸಿದರೆ ನಿಲ್ಲುತ್ತದೆ, ಏರಿಸಿದರೆ ಮತ್ತೆ ಏಳುತ್ತದೆ. ಜೊತೆಗೆ ಸಣ್ಣಗೆ ಸುಟ್ಟ ಬತ್ತಿಯ ವಾಸನೆ. ಗೇರ್‌ಬಾಕ್ಸಿಗೆ ತಪ್ಪು ಎಣ್ಣೆ ಬಿದ್ದಿದೆ, ಅಷ್ಟೇ, ಎಂದು ನನಗೆ ನಾನೇ ಹೇಳಿಕೊಂಡೆ.

ಆಗ ಬೆನ್ನ ಹಿಂದೆ ಯಾರೋ ಮೆಲ್ಲಗೆ ಮಾತಾಡಿದರು.

ಕಾರು ನರಳಿದರೆ ಆ ದನಿ ಸುಮ್ಮನಾಗುತ್ತದೆ. ಕಾರು ಸುಮ್ಮನಾದರೆ ಆ ದನಿ ಶುರುವಾಗುತ್ತದೆ. ಕನ್ನಡಿಯಲ್ಲಿ ನೋಡುವ ಧೈರ್ಯವಾಗದೆ ಬ್ರೇಕ್ ಒತ್ತಿ, ಬಾಗಿಲು ತೆರೆದು ಹೊಲಕ್ಕೆ ಹಾರಿದೆ. ತೊಗರಿಯ ನಡುವೆ ನಿಂತು ತಿರುಗಿ ನೋಡಿದರೆ, ಹಿಂದಿನ ಕಿಟಕಿಯಲ್ಲಿ ಕೌದಿ ಹೊದ್ದ ಒಂದು ಸುಕ್ಕು ಮುಖ. ಸಾವಕಾರರ ತಾಯಿ! ದಿನಾ ಬೆಳಿಗ್ಗೆ ಕಾರಿನಲ್ಲಿ ಕೂತು ಮಗನ ಜೊತೆ ಒಂದು ಸುತ್ತು ಹೋಗಿಬರುವುದು ಮುದುಕಿಯ ಅಭ್ಯಾಸವಂತೆ. ನನಗೆ ಯಾರೂ ಹೇಳಿರಲಿಲ್ಲ.

ಬ್ರೇಕ್ ಬಿಟ್ಟ ಕಾರು ಆಗಲೇ ಮುಂದಕ್ಕೆ ನಡೆಯತೊಡಗಿತ್ತು. ನಾನು ಬೊಬ್ಬೆ ಹಾಕುತ್ತ ಹಿಂದೆ ಓಡಿದೆ. ಅಜ್ಜಿ ಕಿಟಕಿಯಿಂದ ತಲೆ ಹೊರಹಾಕಿ ಸಮಾಧಾನವಾಗಿ ಕೇಳಿದಳು. "ಯಾಕೋ ತಮ್ಮಾ, ನೀ ನಡಕೋತ ಬರ್ತೀಯೇನು?"

ನೈವೇದ್ಯ

ಕಾರನ್ನು ಓಡಿ ಹಿಡಿದು, ಅಜ್ಜಿಯನ್ನು ಮನೆಗೆ ಬಿಟ್ಟು, ಸಾವಕಾರರನ್ನು ಕೂರಿಸಿಕೊಂಡು ಹುಮನಾಬಾದಿಗೆ ತಂದು ಅಂಗಡಿಯ ರಿಪೇರಿ ಗುಂಡಿಯ ಮೇಲೆ ನಿಲ್ಲಿಸಿದೆ. ಎಣ್ಣೆಯ ಮಟ್ಟ ನೋಡುವ ಕಡ್ಡಿ ಎಳೆದರೆ ಬರೀ ನೊರೆ, ಅದೂ ಗುರುತಿನಿಂದ ಎಷ್ಟೋ ಮೇಲೆ. ಮೂಸಿದೆ. ಎಳ್ಳೆಣ್ಣೆ!

"ಸಾವಕಾರ್ರ, ಇದರಾಗ ಏನ್ ಹಾಕೀರಿ? ಖರೇ ಹೇಳ್ರಿ."

ಕಾರು ತಂದ ಹೊಸದರಲ್ಲಿ ಗೇರು ಬೀಳುವಾಗ ಎಳೆದಾಡುತ್ತಿತ್ತಂತೆ. ದಾರಿಯ ಅಂಗಡಿಯವನೊಬ್ಬ ಯಾವುದೋ ಕೆಂಪೆಣ್ಣೆಯ ಡಬ್ಬಿ ಕೊಟ್ಟನಂತೆ. ಅಂದು ಶನಿವಾರ. ಶನಿವಾರ ಕೈಯಲ್ಲಿ ಎಣ್ಣೆ ಹಿಡಿದು ಹಣಮಪ್ಪನ ಗುಡಿ ದಾಟಿ ಹೋಗುವುದು ಹೇಗೆ? ಒಳಗೆ ಹೋಗಿ ಡಬ್ಬಿ ಕೊಟ್ಟಿದ್ದಾರೆ. ಪೂಜಾರಿ ಅದನ್ನು ಎಲ್ಲರ ಎಣ್ಣೆಯಂತೆ ದೇವರಿಗೆ ಎರೆದು, ಕೆಳಗಿನ ಕೊಪ್ಪರಿಗೆಯಿಂದ ಡಬ್ಬಿ ತುಂಬಿ ಪ್ರಸಾದವೆಂದು ವಾಪಸು ಕೊಟ್ಟಿದ್ದಾನೆ. ಊರವರೆಲ್ಲರ ದೀಪದ ಎಣ್ಣೆ, ಎಳ್ಳೆಣ್ಣೆ, ನಡುವೆ ಕರಕಲು ಬತ್ತಿ. ಪ್ರಸಾದ ಉಳಿಸಬಾರದೆಂದು ಸಾವಕಾರರು ಹನಿಯೂ ಬಿಡದೆ ಗೇರ್‌ಬಾಕ್ಸಿಗೆ ಸುರಿದಿದ್ದಾರೆ. ಹೆಚ್ಚಾದದ್ದು ನೊರೆಯೆದ್ದು ಅಂಗಳಕ್ಕೆ ಉಕ್ಕಿದೆ.

ನನಗೆ ಸಿಟ್ಟು ನೆತ್ತಿಗೇರಿತು. ಬೈಯಬೇಕೆಂದರೆ ನಡುವೆ ದೇವರಿದ್ದಾನೆ. ನುಂಗಿಕೊಂಡು ಎಲ್ಲವನ್ನೂ ಬಸಿದೆ. ಕಡ್ಡಿಯ ಹಿಡಿಕೆಯನ್ನು ಸೀಮೆಎಣ್ಣೆಯಲ್ಲಿ ತಿಕ್ಕಿದಾಗ, ಯಾವ ನಮೂನೆಯ ಎಣ್ಣೆ ಬೇಕೆಂದು ಕೆತ್ತಿದ ಅಕ್ಷರಗಳು ಕಂಡವು. ಹಳೆಯ ನಮೂನೆ, ನಮ್ಮ ಕಡೆ ಸಿಗದು.

"ಈಗ ಬರೋ ಭಾರೀ ಹೊಸಾದು ಹಾಕ್ರಲ್ಲ," ಎಂದರು ಸಾವಕಾರರು.

"ನಿಮ್ಮ ಮೊಣಕಾಲಿಗೆ ನಿಮ್ಮ ತಮ್ಮನ ಗುಳಿಗಿ ನುಂಗ್ತೀರೇನು? ಈ ಪೆಟ್ಟಿಗಿಗೆ ಇದರಾಗ ಬರದದ್ದೇ ಆಗಬೇಕು."

ತಮ್ಮನ ಹೆಸರು ಬಂದದ್ದೇ ಸಾವಕಾರರು ಒಪ್ಪಿದರು. ಹೈದರಾಬಾದಿನಿಂದ ಬಸ್ಸಿಗೆ ಹಾಕಿಸಿ ತರಿಸಿದೆ. ಒಮ್ಮೆ ಬಸಿದರೆ ಹಳೆಯದೆಲ್ಲ ಹೊರಬರುವುದಿಲ್ಲ. ತುಂಬಿ, ಚಿಟಗುಪ್ಪದವರೆಗೆ ಓಡಿಸಿ ಬಂದು, ಮತ್ತೆ ಬಸಿದು, ಮತ್ತೆ ತುಂಬಿದೆ. ಕಡೆಗೆ ಬಸಿದ ಎಣ್ಣೆ ಕೆಂಪಗೆ ಶುದ್ಧವಾಗಿ ಬಂತು. ಎಂಜಿನ್ ಬಿಸಿಯಿರುವಾಗಲೇ, ಚಾಲೂ ಇಟ್ಟು, ಮಟ್ಟ ನೋಡಿದೆ. ಸಾವಕಾರರು ಪಕ್ಕದಲ್ಲಿ ಕೈ ಮುಗಿದು ನಿಂತಿದ್ದರು. ಮುಗಿದದ್ದು ನನಗಲ್ಲ, ಬಸಿದ ಎಣ್ಣೆಗೆ.

ಅಮಾವಾಸ್ಯೆಯ ಮುನ್ನಾದಿನ

ಕಾರು ಬಸವಕಲ್ಯಾಣಕ್ಕೆ ಮರಳಿತು. ಮುಂದೆ ಸಾವಕಾರರು ಮತ್ತು ನಾನು, ಹಿಂದೆ ಅವರ ತಾಯಿ ಮತ್ತು ಹೆಂಡತಿ. ಕೋಟೆಯ ಕಡೆಯಿಂದ ಕೊಹಿನೂರದ ದಾರಿಯವರೆಗೆ ಹೋಗಿ ಬಂದೆವು. ಎಳೆದಾಟವಿಲ್ಲ, ವಾಸನೆಯಿಲ್ಲ, ನರಳಾಟವಂತೂ ಇಲ್ಲವೇ ಇಲ್ಲ. ಅಂಗಳದಲ್ಲಿ ನಿಲ್ಲಿಸಿದ ಮೇಲೆ ಹೆಂಡತಿ ಇಳಿದು ಕಾರಿನ ಕೆಳಗೆ ಬಗ್ಗಿ ನೋಡಿದರು. ನೆಲ ಒಣಗಿತ್ತು.

"ಇರ್ಲಿ ಬಿಡ್ರಿ," ಎಂದರು. ಸಾವಕಾರರು ಸ್ಟೇರಿಂಗಿನ ಮೇಲೆ ತಲೆಯಿಟ್ಟು ಉಸಿರು ಬಿಟ್ಟರು. ನಾನು ಮೀಸೆ ತಿರುವಿದೆ.

ತಾಯಿ ಮಾತ್ರ ಇಳಿಯಲಿಲ್ಲ. ಹಿಂದೆ ಕೂತು ಅಳುತ್ತಿದ್ದಳು.

"ಯಾಕ್ ಯವ್ವಾ?" ಎಂದೆ.

"ಅವ್ರು ಎಲ್ಲಿ ಹ್ವಾದ್ರೋ?"

"ಯಾರು?"

"ಇವರಪ್ಪ. ಸತ್ತು ಭಾಳ ದಿನಾ ಆಗಿತ್ತು. ಈ ಕಾರಿನ್ಯಾಗ ಬಂದು ಕುಂತಿದ್ರು. ನಾ ಏನ್ ಹೇಳಿದ್ರೂ ಹೂಂ, ಹೂಂ ಅಂತಿದ್ರು."

ಹಾಡುಹಗಲೇ ನನಗೆ ಬೆನ್ನಲ್ಲಿ ಚಳಿ ಓಡಿತು. ಹೊಲದ ನಡುವೆ ಕಾರಿನ ನರಳಾಟಕ್ಕೂ ಆಕೆಯ ಮಾತಿಗೂ ಸರದಿ ನಡೆದಿತ್ತಲ್ಲ, ನಾನೇ ಕೇಳಿದ್ದೆ.

ಮುದುಕಿ ಸೆರಗಿನಿಂದ ಮೂಗು ಒರೆಸಿಕೊಂಡು ನನ್ನನ್ನೇ ದುರುಗುಟ್ಟಿ ನೋಡಿದಳು. "ಇಡೀ ಸಂಸಾರದಾಗ ನನ್ನ ಮಾತಿಗೆ ಒಮ್ಮಿನೂ ಹೂಂ ಅಂದವರಲ್ಲ. ಸತ್ತ ಮ್ಯಾಲ ಅನ್ನಾಕ ಕಲ್ತಿದ್ರು. ಅದನ್ನೂ ಬಸದು ಒಗದಿ."

ತಾಯಿಯ ಅಳು ನೋಡಲಾರದೆ ಸಾವಕಾರರು ಮುಂದಿನ ಸೀಟಿನಲ್ಲಿ ತಲೆ ತಗ್ಗಿಸಿ, ದಪ್ಪ ದನಿ ಮಾಡಿ, ಮೆಲ್ಲಗೆ "ಹೂಂ" ಎಂದರು.

"ನೀ ಸುಮ್ಮನಿರಲೇ!" ಎಂದಳು ಮುದುಕಿ. "ನೀ ಹೂಂ ಅಂದು ತಂದದ್ದೇ ಆ ಸೊಸಿನ್ನ."