ಇಂಜಿನ್ ಮೇಲಿನ ಮುದ್ದೆ

ನಮ್ಮ ಭಾವನಿಗೆ ಎಣಿಸಲು ಬರುವುದಿಲ್ಲ. ಅಕ್ಕನ ಗಂಡ, ಹಿರಿಯರು, ಹೀಗೆಲ್ಲ ಅನ್ನಬಾರದು; ಆದರೆ ಇರುವುದನ್ನು ಎಷ್ಟು ದಿನ ಮುಚ್ಚಿಡಲಿ? ಇಂಥವರಿಗೆ ಸರ್ಕಾರ ಕೊಟ್ಟಿರುವ ಕೆಲಸ ಯಾವುದು ಗೊತ್ತೇ? ಜೈಲು ವಾರ್ಡರ್! ಸನ್ನಡತೆಯ ಕೈದಿಗಳನ್ನು ಬೆಳಿಗ್ಗೆ ಹೊರಗೆ ಕೆಲಸಕ್ಕೆ ಕರೆದೊಯ್ದು, ಸಂಜೆ ಒಬ್ಬನೂ ಕಡಿಮೆಯಾಗದಂತೆ ವಾಪಸ್ ತರುವುದು!

ಬೇರೆ ವಾರ್ಡರುಗಳು ತಲೆ ಎಣಿಸುತ್ತಾರೆ. ಭಾವನದು ಮುದ್ದೆ ಲೆಕ್ಕ. ಜೈಲಿನಿಂದ ಬರುವ ತಣ್ಣನೆಯ ಮುದ್ದೆ ಅವರಿಗೆ ಆಗದು. ಕೆಲಸದ ಜಾಗದಲ್ಲೇ ಒಲೆ ಹೂಡಿ ಹಿಟ್ಟು ತೊಳಸುತ್ತಾರೆ. 'ಇದು ಸಣ್ಣಪ್ಪಂದು, ಇದು ಮಾದಂದು' ಎಂದು ಒಬ್ಬೊಬ್ಬರ ಹೆಸರು ಹೇಳಿ ಒಂದೊಂದು ಮುದ್ದೆ ಕಟ್ಟುತ್ತಾರೆ. ಬಡಿಸಿದಾಗ ಪಾತ್ರೆ ಖಾಲಿಯಾದರೆ ಎಲ್ಲರೂ ಇದ್ದಾರೆ ಅಂತ ಅರ್ಥ. ಒಂದು ಉಳಿಯಿತೋ, ಒಬ್ಬ ಪರಾರಿ!

ಒಮ್ಮೆ ಉಳಿದೇಬಿಟ್ಟಿತ್ತು. ಗುದ್ದಲಿ, ಮಚ್ಚು, ಪಾತ್ರೆ ಸಾಗಿಸುವ ಲಗೇಜ್ ಆಟೋ ನನ್ನದೇ ಆದ್ದರಿಂದ ಕಣ್ಣಾರೆ ಕಂಡಿದ್ದೇನೆ. ಭಾವ ಪಾತ್ರೆ ಮುಂದೆ ಕುಸಿದು ಕೂತು, "ನನ್ ನಂಬಿಕೆಗೆ ಮಣ್ಣಾಕ್ಬುಟ್ರಲ್ಲಾ!" ಎಂದು ಗೊಳೋ ಅಂತ ಅತ್ತರು. ಕೈದಿಗಳೆಲ್ಲ ಊಟ ಬಿಟ್ಟೆದ್ದು ಹೊಲ, ಬೇಲಿ ಹುಡುಕಿದರು. ಕೊನೆಗೆ ಸಣ್ಣಪ್ಪ ಬಂದು ಮೆಲ್ಲಗೆ ಕೇಳಿದ:

"ಸಾ, ನೀವು ಉಂಡ್ರಾ?"

ಉಂಡಿರಲಿಲ್ಲ! ಉಳಿದದ್ದು ಅವರದೇ ಮುದ್ದೆ!

ಈ ಸಣ್ಣಪ್ಪ ರಾವಂದೂರು ಕಡೆಯವನು. ಬದುವಿನ ಜಗಳದಲ್ಲಿ ದಾಯಾದಿಯ ಮೇಲೆ ಮಚ್ಚು ಬೀಸಿ ಒಳಗೆ ಬಂದವನಿಗೆ ಗಡ್ಡವೆಲ್ಲ ಬೆಳ್ಳಗಾಗಿತ್ತು. ಬಿಡುಗಡೆಯ ಆದೇಶ ಬಂದಿತ್ತು; ಬರುವ ಸೋಮವಾರ ಮನೆಗೆ ಹೋಗಬೇಕು. ಆ ವಾರವೇ ಹಂಪಾಪುರದ ಹತ್ತಿರ ಒಂದು ಕೆರೆಯ ಏರಿ ಮೇಲೆ ಗಿಡಗಂಟಿ ಕಡಿಯುವ ಕೆಲಸ ಬಂತು. ಭಾವ ದೊಡ್ಡ ಆಲದ ಮರದ ಕೆಳಗೆ ಒಲೆ ಹೂಡಿದರು. ನಾನು ಮೇಲೆ ನೋಡಿದೆ.

"ಭಾವ, ಮ್ಯಾಲೆ ಹೆಜ್ಜೇನು ಕಟ್ಟದೆ ಕಣ್ರೀ."

"ಅವಕ್ಕೂ ಮುದ್ದೆ ವಾಸ್ನೆ ಕುಡೀಲಿ ಬುಡ್ಲಾ, ಬಾಮೈದ!"

ಮುದ್ದೆ ಕಟ್ಟಿ ಪಾತ್ರೆ ಮುಚ್ಚಿ, ಒಲೆಗೆ ನೀರು ಎರಚಿದರು ನೋಡಿ, ದಟ್ಟ ಹೊಗೆ ನೇರ ಮೇಲಕ್ಕೆ ಹೋಯಿತು. ಜೇನು ಭೋರೆಂದು ಕೆಳಗೆ ಇಳಿಯಿತು.

"ಓಡ್ರಲಾ! ಓಡ್ರೋ!" ಎಂದು ಭಾವ ಕೂಗಿದರು. ಕೈದಿಗಳಿಗೆ ಓಡಿ ಅಂತ ಅಪ್ಪಣೆ ಕೊಟ್ಟ ವಾರ್ಡರ್ ಇನ್ನೆಲ್ಲಾದರೂ ಇದ್ದಾನೆಯೇ? ಅವರೂ ಸನ್ನಡತೆಯವರು, ಹೇಳಿದಂತೆಯೇ ಕೇಳಿದರು! ಕಾವಲಿನ ಪೇದೆ ಬಂದೂಕಿನ ಸಮೇತ ನನ್ನ ಆಟೋ ಕೆಳಗೆ ತೂರಿಕೊಂಡ. ನಾನು ಟಾರ್ಪಾಲು ಹೊದ್ದು ಅಲ್ಲಾಡದೆ ಕೂತೆ.

ಹುಳು ತಗ್ಗಿದ ಮೇಲೆ ಏರಿಯ ಇನ್ನೊಂದು ತುದಿಯಲ್ಲಿ ಒಬ್ಬೊಬ್ಬರೇ ಬಂದು ಸೇರಿದರು; ನಾನೂ ಆಟೋ ಅಲ್ಲಿಗೇ ತಂದೆ. ಮುಖ ನೋಡಿ ಗುರುತು ಹಿಡಿಯೋಣವೆಂದರೆ ಎಲ್ಲರದೂ ಊದಿ ಕುಂಬಳಕಾಯಿ! ಪೇದೆಗಂತೂ ಎರಡು ಕಣ್ಣೂ ಮುಚ್ಚಿಹೋಗಿದ್ದವು. ಭಾವ ಕಂಬಳಿ ಹೊದ್ದು ಹೋಗಿ ಮುದ್ದೆ ಪಾತ್ರೆ ತಂದು, ಮೊದಲು ತಮ್ಮದನ್ನು ಎಲ್ಲರೆದುರು ನುಂಗಿ, ಆಮೇಲೆ ಬಡಿಸಿದರು.

ಒಂದು ಉಳಿಯಿತು.

"ನಿಮ್ದೇ ಇರ್ಬೇಕು ಸಾ, ಓದ್ಸಲದಂಗೆ," ಅಂದ ಮಾದ. ಭಾವ ತಮ್ಮ ಖಾಲಿ ತಟ್ಟೆ ತೋರಿಸಿದರು. ಗುಂಪಿನಲ್ಲಿ ಬಿಳಿ ಗಡ್ಡ ಕಾಣಲಿಲ್ಲ. ಸಣ್ಣಪ್ಪ ಇರಲಿಲ್ಲ.

"ಜೈಲಿಗೆ ಫೋನ್ ಮಾಡಿ ಸಾರ್," ಅಂದ ಪೇದೆ. ಮಾಡಲೇಬೇಕು, ಕಾನೂನು. ಮಾಡಿದರೆ ಸಣ್ಣಪ್ಪ ಪರಾರಿಯಾದವನು. ಸೋಮವಾರದ ಬಿಡುಗಡೆ ಅಲ್ಲಿಗೆ ಮುಗಿಯಿತು. ಮಾಡದಿದ್ದರೆ ಭಾವನ ಕೆಲಸ ಹೋಯಿತು, ಅಕ್ಕನ ಸಂಸಾರ ಬೀದಿಗೆ.

"ಮುದ್ದೆ ಇನ್ನೂ ಬಿಸಿ ಅದೆ," ಅಂದರು ಭಾವ. "ಇದು ಆರೋಗಂಟ ನೋಡೋವ. ಆರಿದ್ಮೇಲೆ ಫೋನು."

ಇದ್ಯಾವ ಕಾನೂನು! ಕೈದಿಗಳು ಏರಿಯ ಮೇಲೆ ನಿಂತು "ಸಣ್ಣಪ್ಪೋ!" ಎಂದು ಕೂಗುತ್ತಿದ್ದರು. ಕೆರೆಯ ಜೊಂಡು ಅಲುಗಲಿಲ್ಲ. ಪೇದೆ ತಡವಿಕೊಂಡು ಬಂದು ಮುದ್ದೆ ಮುಟ್ಟಿದ. "ಆರೋಯ್ತು ಸಾರ್."

"ನಿನ್ ಕೈಯೇ ಬಿಸಿ ಕಣಯ್ಯ, ನಿಂಗೇನ್ ಗೊತ್ತಾಯ್ತದೆ? ಲೋ ಬಾಮೈದ, ಆಟೋ ಸ್ಟಾರ್ಟ್ ಮಾಡ್ಲಾ!"

"ಎಲ್ಲಿಗ್ ಓಗೋದು ಭಾವ?"

"ಎಲ್ಲಿಗೂ ಇಲ್ಲ. ಇಂಜಿನ್ ಕಾಯ್ಲಿ!"

ಸೀಟೆತ್ತಿ, ಮುದ್ದೆಯನ್ನು ತಟ್ಟೆಗೆ ಹಾಕಿ ಇಂಜಿನ್ ಮೇಲಿಟ್ಟರು. ಆಟೋ ನಿಂತಲ್ಲೇ ಡಬಡಬ ಅನ್ನುತ್ತಿತ್ತು. ಡೀಸೆಲ್ ನನ್ನದು ಸ್ವಾಮಿ! ಆದರೆ ಆಗ ಬಾಯಿ ಬಿಡಲು ನನಗೂ ಮನಸ್ಸಾಗಲಿಲ್ಲ. ಭಾವನ ಬೆರಳು ಮುದ್ದೆಯ ಮೇಲೆ, ಕಣ್ಣು ಕೆರೆಯ ಮೇಲೆ. "ಒಲೆ ಹೂಡ್ದೋನು ನಾನು," ಎಂದು ಮೆಲ್ಲಗೆ ಅಂದರು. "ನೀರಲ್ಲೇನಾದ್ರೂ ಮುಳುಗೋಗಿದ್ರೆ?" ಹೊತ್ತು ಇಳಿಯುತ್ತಿತ್ತು. ಕೊನೆಗೆ ಅವರೇ ಜೇಬಿನಿಂದ ಫೋನು ತೆಗೆದರು.

"ಸಾ!" ಎಂದು ಕಿರುಚಿದ ಮಾದ.

ಕೆರೆಯ ಆಚೆ ದಡದಿಂದ ಸುತ್ತಿ ಬರುವ ದಾರಿಯಲ್ಲಿ, ಮೈಯೆಲ್ಲ ಕೆಸರು ಮೆತ್ತಿಕೊಂಡು, ಒಂದು ಆಕಾರ ಕುಂಟುತ್ತಾ ಬರುತ್ತಿತ್ತು. ಮುಖ ಯಾರದೆಂದು ಹೇಳುವಂತಿರಲಿಲ್ಲ; ಗಡ್ಡ ಬೆಳ್ಳಗಿತ್ತು. ಭಾವ ಓಡಿಹೋಗಿ ಮೊದಲು ಬೈದರು, ಆಮೇಲೆ ತಬ್ಬಿಕೊಂಡರು. ಹುಳು ಬಿಡದೆ ಅಟ್ಟಿಸಿಕೊಂಡು ಬಂದದ್ದಕ್ಕೆ ನೀರಿಗೆ ಹಾರಿ, ಜೊಂಡಿನಲ್ಲಿ ಮುಳುಗುತ್ತಾ ಏಳುತ್ತಾ ಆಚೆ ದಡ ಸೇರಿದ್ದನಂತೆ. ಅಲ್ಲೇ ರಸ್ತೆ.

"ಬಸ್ ನಿಂತಿತ್ತು ಸಾ. ಕಂಡಕ್ಟ್ರು 'ಅತ್ತಯ್ಯ, ಆಸ್ಪತ್ರೆಗೆ ಓಗೀವಂತೆ' ಅಂದ."

"ಯಾಕ್ಲಾ ಬಸ್ ಅತ್ಲಿಲ್ಲ?"

"ಮುದ್ದೆ ಉಳುದ್ರೆ ನೀವು ಅಳ್ತೀರಲ್ಲ ಸಾ!"

ಭಾವ ಇಂಜಿನ್ ಮೇಲಿನ ತಟ್ಟೆ ತಂದರು. ತುಟಿ ಊದಿದೆ, ತಿನ್ನಲಾಗದು ಅಂದ ಸಣ್ಣಪ್ಪ. "ಮುದ್ದೆ ಯಾವನ್ಲಾ ಅಗೀತಾನೆ? ನುಂಗು!" ಎಂದು ಭಾವನೇ ಸಾರಿನಲ್ಲಿ ಅದ್ದಿ ತುತ್ತು ಮಾಡಿ ಬಾಯಿಗಿಟ್ಟರು. ಮುದ್ದೆ ಡೀಸೆಲ್ ವಾಸನೆ ಹೊಡೆಯುತ್ತಿತ್ತು. ಅವನು ಪೂರ್ತಿ ನುಂಗಿದ ಮೇಲೆ ಎಲ್ಲರೂ ಆಸ್ಪತ್ರೆಗೆ ಹೊರಟೆವು.

ಸೋಮವಾರ ಸಣ್ಣಪ್ಪ ಮನೆಗೆ ಹೋದ. ಮಂಗಳವಾರ ಭಾವ ಮತ್ತೆ ಒಲೆ ಹೂಡಿದರು, ಮರ ನೋಡಿಕೊಂಡು! ಎಂದಿನಂತೆ ಹೆಸರು ಹೇಳುತ್ತಾ ಕಟ್ಟಿದರು, ಎಲ್ಲರಿಗೂ ಬಡಿಸಿದರು, ತಾವೂ ಉಂಡರು. ಪಾತ್ರೆಯಲ್ಲಿ ಒಂದು ಉಳಿಯಿತು.

ಯಾರೂ ಹುಡುಕಲು ಏಳಲಿಲ್ಲ. ಭಾವ ಅದನ್ನು ಕೈಗೆತ್ತಿಕೊಂಡರು. ಆಮೇಲೆ ಮುರಿದು ಅರ್ಧ ನನ್ನ ತಟ್ಟೆಗೆ ಹಾಕಿದರು.

"ಉಣ್ಣು ಬಾಮೈದ," ಅಂದರು, ಕಣ್ಣೊರೆಸಿಕೊಳ್ಳುತ್ತಾ. "ಮನೆ ಸೇರ್ದೋನ್ ಮುದ್ದೆ ಇದು. ಬಿಸಾಕ್ಬಾರ್ದು."